ಮಸ್ಕಿಗೆ ಮೊದಲೇ ತಿರುಗುತ್ತಿದ್ದ ಸೈಕಲ್ಲು

ನೌಕರಿ ಬಿಟ್ಟ ಮೊದಲ ಸೋಮವಾರವೂ ಬೆಳಿಗ್ಗೆ ನಾಲ್ಕೂವರೆಗೇ ಎಚ್ಚರವಾಯಿತು. ಎದ್ದು, ಜಳಕ ಮಾಡಿ, ಖಾಕಿ ಅಂಗಿ ಹುಡುಕಿದೆ. ಸಿಗಲಿಲ್ಲ. ಹೆಂಡತಿ ಅದನ್ನು ಹರಿದು ನೆಲ ಒರೆಸುವ ಬಟ್ಟೆ ಮಾಡಿ ಬಚ್ಚಲ ಬಾಗಿಲ ಮೇಲೆ ಒಣಹಾಕಿದ್ದಳು. ಇಪ್ಪತ್ತೇಳು ವರ್ಷ ಮೈಮೇಲಿದ್ದ ಬಟ್ಟೆ. ಸಿಟ್ಟು ಬರಬೇಕಿತ್ತು, ನನ್ನ ಸಿಟ್ಟು ಇಡೀ ಓಣಿಗೆ ಗೊತ್ತಿರುವಂಥದ್ದು. ಬರಲಿಲ್ಲ. ಹೊರಗಿನ ಕಟ್ಟೆಯ ಮೇಲೆ ಕೂತು, ಸಿಂಧನೂರಿನ ಮೊದಲ ಬಸ್ಸು ಸ್ಟ್ಯಾಂಡಿನಿಂದ ಹೊರಬೀಳುವ ಸದ್ದು ಕೇಳಿದೆ. ಎರಡನೇ ಗೇರಿನಿಂದ ಮೂರಕ್ಕೆ ಹಾಕುವಾಗ ಆ ಡ್ರೈವರ ಅವಸರ ಮಾಡಿದ. ಹುಚ್ಚಪ್ಪ ಎಂದುಕೊಂಡೆ. ಅಷ್ಟೆ.

ನಾನು ಸರಕಾರಿ ಬಸ್ಸಿನ ಡ್ರೈವರನಾಗಿದ್ದೆ. ಸಿಂಧನೂರಿನಿಂದ ಮಸ್ಕಿ, ಮಸ್ಕಿಯಿಂದ ಲಿಂಗಸುಗೂರು, ಅದೇ ದಾರಿಯಲ್ಲಿ ವಾಪಸ್ಸು. ದಿನಕ್ಕೆ ಎರಡು ಸಲ, ಕೆಲವೊಮ್ಮೆ ಮೂರು ಸಲ. ಪೂರ್ತಿ ನಿವೃತ್ತಿಗೆ ಇನ್ನೂ ಆರು ವರ್ಷ ಇರುವಾಗಲೇ ಸ್ವಯಂ ನಿವೃತ್ತಿಗೆ ಅರ್ಜಿ ಕೊಟ್ಟೆ. ಯಾಕೆ ಎಂದು ಕೇಳಿದವರಿಗೆಲ್ಲ ಬೆನ್ನು ತೋರಿಸಿದೆ. ಡ್ರೈವರನ ಬೆನ್ನುನೋವನ್ನು ಯಾರೂ ಅನುಮಾನಿಸುವುದಿಲ್ಲ.

ನಿಜವಾದ ಕಾರಣ ಬೆನ್ನಲ್ಲ. ಒಂದು ದಿನ ಲಿಂಗಸುಗೂರಿನಲ್ಲಿ ಬಸ್ಸು ನಿಲ್ಲಿಸಿ ಇಳಿದೆ. ಚಾ ತೆಗೆದುಕೊಂಡು ನಿಂತಾಗ, ಮಸ್ಕಿ ದಾಟಿದ್ದು ನೆನಪಿಲ್ಲ ಎಂಬುದು ತಲೆಗೆ ಬಂತು. ಎಲ್ಲಿ ನಿಲ್ಲಿಸಿದೆ, ಯಾರು ಹತ್ತಿದರು, ಎದುರಿಗೆ ಯಾವ ಲಾರಿ ಬಂತು, ಒಂದೂ ನೆನಪಿಲ್ಲ. ಐವತ್ತು ಜನರನ್ನು ಕೂರಿಸಿಕೊಂಡು ಬಂದಿದ್ದೇನೆ, ಬಂದದ್ದೇ ಗೊತ್ತಿಲ್ಲ. ಎಂಥವನಿಗೂ ಕೈಕಾಲು ನಡುಗಬೇಕಾದ ವಿಷಯ. ನನಗೆ ಹೆದರಿಕೆಯೇ ಆಗಲಿಲ್ಲ. ಚಾ ಕುಡಿದು ಲೋಟ ಇಟ್ಟೆ. ಹೆದರಿಕೆ ಆಗಲಿಲ್ಲವಲ್ಲ ಎಂಬ ಒಂದೇ ಕಾರಣಕ್ಕೆ ಮರುದಿನ ಅರ್ಜಿ ಬರೆದೆ.

ಮನೆಯಲ್ಲಿ ಹೆಂಡತಿ ಮತ್ತು ನಾನು ಇಬ್ಬರೇ. ಅವಳು ಅಂಗನವಾಡಿ ಟೀಚರು. ಒಬ್ಬಳೇ ಮಗಳು ಲಿಂಗಸುಗೂರಿನ ಒಂದು ಕಚೇರಿಯಲ್ಲಿ ಗುಮಾಸ್ತೆ, ಅಳಿಯನದೂ ಅಲ್ಲೇ ಕೆಲಸ. ಹೆಂಡತಿ ಒಂಬತ್ತಕ್ಕೆ ಹೊರಟರೆ ಸಂಜೆಯವರೆಗೆ ಮನೆ ನನ್ನದು. ಮೊದಲ ತಿಂಗಳು ಪಾತ್ರೆ ತೊಳೆದೆ, ಶೇಂಗಾ ಹುರಿದು ಸಿಪ್ಪೆ ತೆಗೆದೆ, ಡಬ್ಬಿಗಳನ್ನೆಲ್ಲ ದೊಡ್ಡದರಿಂದ ಸಣ್ಣದಕ್ಕೆ ಸಾಲಾಗಿ ಜೋಡಿಸಿದೆ. ಸಂಜೆ ಬಂದವಳು ಉಪ್ಪಿನ ಡಬ್ಬಿ ಸಿಗದೆ ಸೊಂಟದ ಮೇಲೆ ಕೈ ಇಟ್ಟು ನಿಂತಳು.

"ಇದ ನನ್ನ ಅಡಿಗಿ ಮನಿ ರೀ, ನಿಮ್ಮ ಡಿಪೊ ಅಲ್ಲ. ನಾಳಿಂದ ಹೊರಗ ಹೋಗ್ರಿ. ಎಲ್ಲಿಗರ ಹೋಗ್ರಿ, ಒಟ್ಟ ಮನಿಯಾಗ ಇರಬ್ಯಾಡ್ರಿ."

ಇದನ್ನು ಫೋನಿನಲ್ಲಿ ಮಗಳಿಗೂ ಹೇಳಿದಳೆಂದು ಕಾಣುತ್ತದೆ. ಮುಂದಿನ ವಾರ ಮಗಳು ಲಿಂಗಸುಗೂರಿನಿಂದ ಬಸ್ಸಿನ ಟಾಪಿನ ಮೇಲೆ ಒಂದು ಗೇರಿನ ಸೈಕಲ್ಲು ಕಳಿಸಿದಳು. ಗೇರು ಎಂದರೆ ನನಗೇನು ಹೊಸದೇ? ಆದರೂ ಬೆರಳಲ್ಲಿ ಒತ್ತುವ ಗೇರು, ಕಾಲಿಗೆ ಕ್ಲಚ್ಚಿಲ್ಲ. ಮೊದಲ ಎರಡು ದಿನ ವೃತ್ತ ಬಂದಾಗಲೆಲ್ಲ ಎಡಗಾಲು ತಾನಾಗಿ ಕ್ಲಚ್ಚು ಹುಡುಕಿ ಪೆಡಲಿನಿಂದ ಜಾರಿತು. ಕಾಲಿನ ಮುಂಭಾಗ ಎರಡು ಕಡೆ ಕೆತ್ತಿತು. ಅರಿಷಿಣ ಹಚ್ಚಿಕೊಂಡು ಮೂರನೇ ದಿನ ಮತ್ತೆ ಹೊರಟೆ.

ನಮ್ಮೂರಲ್ಲಿ ಬೈಕಿದ್ದವನು ಸೈಕಲ್ಲು ಹತ್ತಿದರೆ ಜನ ಸುಮ್ಮನಿರುವುದಿಲ್ಲ. ಮೊದಲ ತಿರುವಿನಲ್ಲೇ ಕಿರಾಣಿ ಅಂಗಡಿಯವನು ತಡೆದ.

"ಏನ್ರೀ ಡ್ರೈವರ್ ಸಾಹೇಬ್ರ, ಶುಗರ್ ಬಂತೇನ್ರೀ?"

"ಇಲ್ಲೋ ಮಾರಾಯ. ಸುಮ್ನ ಹೊಂಟೀನಿ."

"ಸುಮ್ನ ಯಾರ್ರೀ ತುಳೀತಾರ ಸೈಕಲ್ಲ? ಮುಚ್ಚಿಡಬ್ಯಾಡ್ರಿ, ಎಲ್ಲಾರಿಗೂ ಬಂದೈತಿ ಈಗ."

ಹತ್ತು ಜನರಿಗೆ ಇಲ್ಲ ಎಂದೆ. ಹನ್ನೊಂದನೆಯವನಿಗೆ ಹೌದು ಎಂದೆ, ಜಂಜಾಟವೇ ಬೇಡ ಎಂದು. ಅಲ್ಲಿಂದ ಇನ್ನೊಂದು ಸುರುವಾಯಿತು. ಹಾಗಲಕಾಯಿ ರಸ, ಮೆಂತ್ಯದ ನೀರು, ನೇರಳೆ ಬೀಜದ ಪುಡಿ. ಒಬ್ಬಳು ಮುದುಕಿ ಮನೆಗೇ ಬಂದು ಹಾಗಲಕಾಯಿ ಕೊಟ್ಟು ಹೋದಳು. ಹೆಂಡತಿ ಅದರ ಪಲ್ಯ ಮಾಡಿ ಹಾಕಿದಳು, ಏನೂ ಕೇಳಲಿಲ್ಲ. ನಾನೂ ಉಂಡೆ. ಕಹಿ ಎನಿಸಿತೋ ಇಲ್ಲವೋ ಈಗ ಹೇಳಲಾರೆ.

ಬೆಳಿಗ್ಗೆ ಐದೂವರೆಗೆ ಹೊರಟು ಕೆನಾಲಿನ ಏರಿ ಹಿಡಿಯುತ್ತಿದ್ದೆ. ಒಂದು ದಿನ ಮುಕ್ಕುಂದದ ಕಡೆ, ಒಂದು ದಿನ ಆರ್.ಎಚ್. ಕ್ಯಾಂಪಿನ ಕಡೆ. ಭತ್ತದ ಗದ್ದೆಗಳು ಎರಡೂ ಬದಿಗೆ, ಬೆಳ್ಳಕ್ಕಿ, ಪಂಪಿನ ಸದ್ದು. ಜನ ಇವನ್ನೆಲ್ಲ ನೋಡಿ ಆಹಾ ಎನ್ನುತ್ತಾರಂತೆ. ನಾನು ನೋಡುತ್ತಿದ್ದೆ, ಅಷ್ಟೆ. ಹಿಂದೆ ನಿರಾಶ್ರಿತರಾಗಿ ಬಂದು ಕ್ಯಾಂಪಿನಲ್ಲಿ ನೆಲೆಸಿದ ಬಂಗಾಲಿ ಮುದುಕರು ಹಳೇ ಕಾಲದ ಕರೀ ಸೈಕಲ್ಲಿನ ಹಿಂದೆ ಮೀನಿನ ಬುಟ್ಟಿ ಕಟ್ಟಿಕೊಂಡು, ಲುಂಗಿ ಮೇಲೆತ್ತಿ, ನನ್ನ ಏಳು ಗೇರಿನ ಸೈಕಲ್ಲನ್ನು ಆರಾಮಾಗಿ ಹಿಂದೆ ಹಾಕಿ ಹೋಗುತ್ತಿದ್ದರು. ಒಬ್ಬಾತ ತಿರುಗಿ, "ಗೇರ್ ಸಣ್ಣದು ಮಾಡ್ಕೊಳ್ಳಿ ದಾದಾ" ಎಂದು ಬುದ್ಧಿ ಹೇಳಿ ಹೋದ. ಇಪ್ಪತ್ತೇಳು ವರ್ಷ ಗೇರು ಹಾಕಿದವನಿಗೆ! ಬೇರೆ ಕಾಲದಲ್ಲಾಗಿದ್ದರೆ ಅಟ್ಟಿಸಿಕೊಂಡು ಹೋಗಿ ಎರಡು ಮಾತು ಆಡಿ ಬರುತ್ತಿದ್ದೆ. ಆವತ್ತು ಗೇರು ಸಣ್ಣದು ಮಾಡಿಕೊಂಡೆ.

ಒಂದು ಬೆಳಿಗ್ಗೆ ಕೆನಾಲು ಬಿಟ್ಟು ಮಸ್ಕಿ ರಸ್ತೆಗೆ ಬಿದ್ದೆ. ಮುಂದಿನ ಊರಿನ ಸ್ಟಾಪಿನಲ್ಲಿ ನಾಲ್ಕಾರು ಜನ ಬಸ್ಸಿಗೆ ಕಾಯುತ್ತಿದ್ದರು. ನಾನು ಸೈಕಲ್ಲನ್ನು ಎಡಕ್ಕೆ ತೆಗೆದುಕೊಂಡು, ಅವರ ಮುಂದೆ ಸರಿಯಾಗಿ ನಿಲ್ಲಿಸಿ, ಕಾಲು ಊರಿ, ನೆಟ್ಟಗೆ ಮುಂದೆ ನೋಡುತ್ತ ಕೂತೆ. ಸೀಟಿಯ ಸದ್ದಿಗೆ ಕಾಯುತ್ತಿದ್ದೆ. ಕಂಡಕ್ಟರ್ ಎರಡು ಸಲ ಸೀಟಿ ಊದಿದರೆ ಹೊರಡುವುದು, ಒಂದಾದರೆ ನಿಲ್ಲುವುದು. ಸೀಟಿ ಬರಲಿಲ್ಲ. ತಲೆಯ ಮೇಲೆ ಬುಟ್ಟಿ ಇದ್ದ ಒಬ್ಬ ಹೆಂಗಸು, "ಯಾಕ್ರೀ ಯಪ್ಪಾ ನಿಂತ್ರಿ, ಏನರ ಬೇಕೇನು?" ಎಂದಳು. ಏನೂ ಬೇಡ ತಾಯಿ ಎಂದು ತುಳಿದೆ. ನಗು ಬರಬೇಕಾದ ಮಾತು. ಮನೆಗೆ ಬಂದು ಹೆಂಡತಿಗೆ ಹೇಳಿದೆ, ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ನಾನು ಅವಳ ನಗು ನೋಡುತ್ತ ರೊಟ್ಟಿ ತಿಂದೆ.

ಅಲ್ಲಿಂದ ಮಸ್ಕಿ ರಸ್ತೆಯೇ ರೂಢಿಯಾಯಿತು. ದಿನದಿನಕ್ಕೆ ಒಂದು ಊರು ಮುಂದೆ ಹೋಗುತ್ತ, ಮಸ್ಕಿ ಇನ್ನು ಎರಡು ಕಿಲೋಮೀಟರು ಇದೆ ಎನ್ನುವಲ್ಲಿ ಒಂದು ಪೆಟ್ರೋಲ್ ಬಂಕಿನವರೆಗೆ ಹೋಗುವಂತಾದೆ. ಅಲ್ಲಿಂದ ಮಸ್ಕಿಯ ಗುಡ್ಡ ಕಾಣುತ್ತದೆ. ನೀರು ಕುಡಿದು, ಟಯರು ಒತ್ತಿ ನೋಡಿ, ತಿರುಗಿಸಿಕೊಂಡು ಬರುತ್ತಿದ್ದೆ. ಎರಡು ಕಿಲೋಮೀಟರು ಸೈಕಲ್ಲಿಗೆ ಹತ್ತು ನಿಮಿಷ. ಎಂದೂ ಹೋಗಲಿಲ್ಲ.

ಮಗಳು ಫೋನಿನಲ್ಲಿ ಕಾಡುತ್ತಿದ್ದಳು. "ಅಪ್ಪಾ, ಅಷ್ಟ ದೂರ ಬರ್ತಿ, ಇನ್ನೊಂದಿಷ್ಟ ತುಳದ್ರ ಲಿಂಗಸುಗೂರ. ಒಂದ ಐತವಾರ ನಮ್ಮನಿಗೆ ಸೈಕಲ್ ಮ್ಯಾಲ ಬಾ. ಮಂದಿ ಮುಂದ ಹೇಳ್ಕೋಬೇಕು ನಾ."

"ಬೆನ್ನು ನೋವ್ತದ ಬೇ" ಎನ್ನುತ್ತಿದ್ದೆ. ಸಿಂಧನೂರಿನಿಂದ ಲಿಂಗಸುಗೂರಿಗೆ ಹೋಗಬೇಕೆಂದರೆ ಮಸ್ಕಿ ದಾಟಬೇಕು. ಮಸ್ಕಿಯಲ್ಲಿ ನನ್ನ ಕಂಡಕ್ಟರ್ ಇದ್ದಾನೆ.

ಹನ್ನೊಂದು ವರ್ಷ ಅವನೂ ನಾನೂ ಒಂದೇ ಬಸ್ಸಿನಲ್ಲಿ ದುಡಿದೆವು. ಅವನ ಹಾಗೆ ಮಾತಾಡುವ ಮನುಷ್ಯನನ್ನು ನಾನು ಕಂಡಿಲ್ಲ. ಹತ್ತಿದವರೆಲ್ಲ ಅವನಿಗೆ ಬಂಧುಗಳು. ಮುದುಕಿಯರಿಗೆ ಯವ್ವಾ, ಹುಡುಗಿಯರಿಗೆ ಅಕ್ಕಾ, ಪೊಲೀಸರಿಗೆ ಮಾವ. ಒಬ್ಬರ ಮಗಳಿಗೆ ಇನ್ನೊಬ್ಬರ ಮಗನನ್ನು ಬಸ್ಸಿನಲ್ಲೇ ಹೊಂದಿಸಿಕೊಟ್ಟಿದ್ದ. ಟಿಕೆಟ್ ಹರಿಯುವ ಕೈ ಮಾತ್ರ ನಿಧಾನ. ಒಬ್ಬೊಬ್ಬರಿಗೂ ಎರಡು ಮಾತಾಡಿಯೇ ಟಿಕೆಟ್ ಕೊಡುವವನು. ಪ್ರಾಮಾಣಿಕ. ಅದರಲ್ಲಿ ಎರಡು ಮಾತಿಲ್ಲ.

ಬಸ್ಸಿನ ನಿಯಮ ಹೀಗೆ: ಒಂದು ಸ್ಟೇಜಿನಲ್ಲಿ, ಅಂದರೆ ಟಿಕೆಟ್ ದರ ಬದಲಾಗುವ ಸ್ಟಾಪಿನಲ್ಲಿ, ಹತ್ತಿದವರಿಗೆ ಮುಂದಿನ ಸ್ಟೇಜು ಬರುವುದರೊಳಗೆ ಟಿಕೆಟ್ ಕೊಟ್ಟು ಮುಗಿಸಬೇಕು. ಚೆಕಿಂಗಿನವರು ಜೀಪು ನಿಲ್ಲಿಸಿಕೊಂಡು ನಿಂತಿರುವುದೇ ಸ್ಟೇಜಿನಲ್ಲಿ. ಅಲ್ಲಿ ಟಿಕೆಟ್ಟಿಲ್ಲದವರು ಸಿಕ್ಕರೆ ಕಂಡಕ್ಟರನ ಕತೆ ಮುಗಿಯಿತು. ಅವನ ಕೈ ನಿಧಾನವೆಂದು ನಾವಿಬ್ಬರೂ ಒಂದು ರೂಢಿ ಮಾಡಿಕೊಂಡಿದ್ದೆವು. ನನಗೆ ದೂರದಿಂದ ಜೀಪು ಕಂಡರೆ ಬ್ರೇಕನ್ನು ಎರಡು ಸಲ ಮುಟ್ಟುತ್ತಿದ್ದೆ. ಬಸ್ಸು ಎರಡು ಸಲ ಸಣ್ಣಗೆ ಜಗ್ಗುತ್ತಿತ್ತು. ಜನರಿಗೆ ತಿಳಿಯುತ್ತಿರಲಿಲ್ಲ, ಅವನಿಗೆ ತಿಳಿಯುತ್ತಿತ್ತು. ತಕ್ಷಣ ಮಾತು ನಿಲ್ಲಿಸಿ ಪಟಪಟನೆ ಟಿಕೆಟ್ ಹರಿಯುತ್ತಿದ್ದ. ನಾನು ನಿಧಾನಕ್ಕೆ ಹೋಗುತ್ತಿದ್ದೆ. ಹನ್ನೊಂದು ವರ್ಷದಲ್ಲಿ ಎಷ್ಟು ಸಲ ಹೀಗೆ ಪಾರಾಗಿದ್ದೇವೋ ಗೊತ್ತಿಲ್ಲ.

ಒಂಬತ್ತು ವರ್ಷದ ಹಿಂದೆ, ಭತ್ತದ ನಾಟಿಯ ಹಂಗಾಮು. ಒಂದು ದಿನ ಲಿಂಗಸುಗೂರಿನಲ್ಲಿ ಬಸ್ಸು ಹಿಂದಕ್ಕೆ ತೆಗೆಯುವಾಗ ನೀರಿನ ನಳದ ಕಟ್ಟೆಗೆ ತಗುಲಿಸಿದ್ದೆ. ಹಿಂದಿನ ಲೈಟು ಒಡೆಯಿತು, ನಳ ಬಾಗಿತು. ಅಷ್ಟು ವರ್ಷದಲ್ಲಿ ಒಂದು ಗೀರೂ ಮಾಡದವನು ನಾನು. ಇಡೀ ದಿನ ಮೈಯೆಲ್ಲ ಉರಿಯುತ್ತಿತ್ತು. ಮರುದಿನ ಬೆಳಿಗ್ಗೆ ಒಂದು ಊರಿನಲ್ಲಿ ನಾಟಿಗೆ ಹೋಗುವ ಹೆಂಗಸರ ದೊಡ್ಡ ಗುಂಪು ಹತ್ತಿತು. ನನ್ನ ಕಂಡಕ್ಟರನಿಗೆ ಹೊಸ ಸಭೆ ಸಿಕ್ಕಿತು.

"ಗಟ್ಟ್ಯಾಗಿ ಹಿಡ್ಕೊರ‍್ರೀ ಯವ್ವಾ. ನಮ್ಮ ಡ್ರೈವರ್‌ಗ ಮುಂದಿನ ರಸ್ತಾ ಅಷ್ಟ ಗೊತ್ತು. ಹಿಂದಕ್ಕ ಅಂದ್ರ ಸೀದಾ ನಳಕ್ಕ ಹೊಕ್ಕು ಬಸ್ಸಿಗೆ ನೀರು ಕುಡಿಸಿಕೊಂಡ ಬರ್ತಾನ."

ಹೆಂಗಸರು ನಕ್ಕರು. ಅವನು ನಾನು ಸ್ಟೇರಿಂಗು ತಿರುವುವುದನ್ನೂ ಕತ್ತು ಹೊರಳಿಸುವುದನ್ನೂ ಮಾಡಿ ತೋರಿಸಿದ. ಕನ್ನಡಿಯಲ್ಲಿ ಎಲ್ಲ ಕಾಣುತ್ತಿತ್ತು. ಒಬ್ಬಳು, "ಹಂಗಾರ ನಮ್ಮನ್ನ ಕೆನಾಲಿಗೆ ಹಾಕ್ತಾನೇನ ಈ ಪುಣ್ಯಾತ್ಮ?" ಎಂದಳು. ಬಸ್ಸಿಗೆ ಬಸ್ಸೇ ಬಿದ್ದು ಬಿದ್ದು ನಕ್ಕಿತು. ನನ್ನ ಕಿವಿಯ ತುದಿಯವರೆಗೆ ಬಿಸಿ ಏರಿತು.

ಆಗಲೇ ಅರ್ಧ ಕಿಲೋಮೀಟರು ಮುಂದೆ, ಬೇವಿನ ಗಿಡದ ಕೆಳಗೆ, ಜೀಪು ಕಂಡಿತು. ಸ್ಪಷ್ಟವಾಗಿ ಕಂಡಿತು. ಹಿಂದೆ ಇನ್ನೂ ಅರ್ಧಕ್ಕರ್ಧ ಹೆಂಗಸರಿಗೆ ಟಿಕೆಟ್ ಆಗಿಲ್ಲ ಎಂಬುದೂ ಕನ್ನಡಿಯಲ್ಲಿ ಕಂಡಿತು. ಕಾಲು ಬ್ರೇಕಿನ ಪಕ್ಕದಲ್ಲೇ ಇತ್ತು. ಅನುಭವಿಸಲಿ ಮಗ ಎಂದುಕೊಂಡೆ. ಒಂದು ಮೆಮೊ ಕೊಡುತ್ತಾರೆ, ಬಾಯಿ ಮುಚ್ಚುತ್ತದೆ ಎಂದುಕೊಂಡೆ. ಬ್ರೇಕು ಮುಟ್ಟಲಿಲ್ಲ. ಅದೇ ವೇಗದಲ್ಲಿ ಹೋಗಿ ಜೀಪಿನ ಮುಂದೆ ನಿಲ್ಲಿಸಿದೆ.

ಹದಿನಾಲ್ಕು ಜನರಿಗೆ ಟಿಕೆಟ್ ಇರಲಿಲ್ಲ. ಅವನು ಕೈ ಮುಗಿದು ಕೊಡುತ್ತಲೇ ಇದ್ದೆ ಎಂದ, ಹೆಂಗಸರೂ ಹೌದೆಂದರು. ಚೆಕಿಂಗಿನವರು ನಿಯಮ ಹೇಳಿದರು, ಬರೆದುಕೊಂಡರು. ನನ್ನನ್ನೂ ಕೇಳಿದರು: ಟಿಕೆಟ್ ಕೊಟ್ಟು ಮುಗಿಸಲು ಕಂಡಕ್ಟರ್ ಬಸ್ಸು ನಿಲ್ಲಿಸಲು ಹೇಳಿದ್ದನೇ? ಇಲ್ಲ ಸಾಹೇಬ್ರ ಎಂದೆ. ಅದು ನಿಜವೇ ಆಗಿತ್ತು.

ಸಂಜೆ ಡಿಪೊದಲ್ಲಿ ಅವನು ನನ್ನ ಪಕ್ಕ ಬಂದು ಕೂತ. ಮುಖ ಬೂದಿಯಾಗಿತ್ತು.

"ದೋಸ್ತ, ಜೀಪ್ ಕಾಣ್ಲಿಲ್ಲೇನು ನಿನಗ?"

"ಕಂಡಿತ್ತು."

"ಬ್ರೇಕ್ ಕೊಟ್ಟಿದ್ದೇನು?"

ಇಲ್ಲ ಎನ್ನಬಹುದಿತ್ತು. ಸಿಟ್ಟಿನಲ್ಲಿದ್ದೆ, ತಪ್ಪಾಯಿತು ಎನ್ನಬಹುದಿತ್ತು. "ಕೊಟ್ಟೆ" ಎಂದೆ.

"ಎರಡ ಸಲ?"

"ಎರಡ ಸಲ."

ಅವನು ತನ್ನ ಅಂಗೈಗಳನ್ನು ನೋಡಿಕೊಂಡ. "ಹಂಗಾದ್ರ ನನಗ ತಿಳೀಲೇ ಇಲ್ಲ ನೋಡು. ಮಾತಿನಾಗ ಮೈಮರ್ತೆ" ಎಂದ.

ಅವನ ಮೇಲೆ ಹಳೆಯ ಎರಡು ಮೆಮೊಗಳಿದ್ದವು, ಅವೂ ಕೈ ನಿಧಾನದವೇ. ಸಸ್ಪೆಂಡ್ ಮಾಡಿದರು, ವಿಚಾರಣೆ ನಡೆಯಿತು, ಎಳೆದಾಡಿ ಕೊನೆಗೆ ಕೆಲಸದಿಂದ ತೆಗೆದರು. ಹೆಂಡತಿಯ ತವರು ಮಸ್ಕಿಗೆ ಹೋಗಿ ಒಗ್ಗರಣಿ-ಮಿರ್ಚಿಯ ಸಣ್ಣ ಹೋಟೆಲು ಇಟ್ಟ. ನಮ್ಮ ಕಡೆ ಬೆಳಿಗ್ಗೆ ಅದೇ ನಾಷ್ಟಾ, ಒಗ್ಗರಣೆ ಹಾಕಿದ ಮಂಡಾಳು, ಎಂದರೆ ಮಂಡಕ್ಕಿ, ಜೊತೆಗೆ ಮಿರ್ಚಿ ಭಜಿ. ಬಸ್ಸು ಅವನ ಹೋಟೆಲಿನ ಮುಂದೆಯೇ ಹಾದು ಹೋಗುತ್ತಿತ್ತು. ಲಿಂಗಸುಗೂರಿಗೆ ಹೋಗುವಾಗ ಅಲ್ಲಿ ನಾನು ಬಲಗಡೆಯ ಕನ್ನಡಿ ನೋಡುತ್ತಿದ್ದೆ. ಹೋಟೆಲು ಎಡಕ್ಕಿತ್ತು.

ಪ್ರತಿ ದಸರೆಗೆ ಅವನಿಂದ ಬನ್ನಿ ಎಲೆ ಬರುತ್ತಿತ್ತು. ಪೇಪರಿನಲ್ಲಿ ಸುತ್ತಿ, ಯಾವುದಾದರೂ ಬಸ್ಸಿನ ಡ್ರೈವರನ ಕೈಯಲ್ಲಿ ಕೊಟ್ಟು ಕಳಿಸುತ್ತಿದ್ದ. "ಬಂಗಾರ ತಗೊಂಡು ಬಂಗಾರದಂಗ ಇರು ಅಂತ ಹೇಳ್ಯಾನ" ಎನ್ನುತ್ತಿದ್ದರು ತಂದವರು. ನಾನು ಒಂದು ವರ್ಷವೂ ತಿರುಗಿ ಕಳಿಸಲಿಲ್ಲ. ಅವನ ಕಣ್ಣಿನಲ್ಲಿ ನಾನು ಉಳಿಸಲು ನೋಡಿದ ಗೆಳೆಯ. ನಿಜ ಹೇಳಿದರೆ ಅದು ಹೋಗುತ್ತದೆ ಎಂಬ ಭಯ ಮೊದಲಿಗಿತ್ತು. ಆಮೇಲೆ ಆ ಭಯವೂ ಮರಗಟ್ಟಿತು. ಹೆಂಡತಿಗೂ ಹೇಳಲಿಲ್ಲ. ದಿನಕ್ಕೊಬ್ಬ ಹೊಸ ಕಂಡಕ್ಟರ್ ಬಂದ, ಯಾರ ಹೆಸರೂ ತಲೆಯಲ್ಲಿ ನಿಲ್ಲಲಿಲ್ಲ.

ಹೋದ ಚಳಿಗಾಲದಲ್ಲಿ ಅದೇ ಪೆಟ್ರೋಲ್ ಬಂಕಿನಲ್ಲಿ ನೀರು ಕುಡಿಯುತ್ತ ನಿಂತಿದ್ದೆ. ಬೈಕಿಗೆ ಹಾಲಿನ ಕ್ಯಾನು ಕಟ್ಟಿದ ಒಬ್ಬ ನನ್ನ ಗುರುತು ಹಿಡಿದ. ನಮ್ಮ ಬಸ್ಸಿನ ಹಳೇ ಗಿರಾಕಿ, ಆಗ ಕಾಲೇಜಿಗೆ ಹೋಗುತ್ತಿದ್ದ.

"ನಿಮ್ಮ ಕಂಡಕ್ಟರ್ ಭೆಟ್ಟಿ ಆಗ್ತಾರೇನ್ರೀ ಡ್ರೈವರ್ ಸಾಹೇಬ್ರ?"

"ಇಲ್ಲಪ್ಪಾ. ಆರಾಮ ಅದಾನಲ್ಲ?"

"ಆರಾಮ ಅದಾರ. ಹೋಟೆಲ್ ಚಲೋ ನಡಿತೈತಿ. ಆದ್ರ ಮಾತ ಬಿಟ್ಟಾರ ಬಿಡ್ರಿ. ನಾ ದಿನಾ ಹಾಲ ಹಾಕ್ತೀನಿ, ಒಂದು ಹ್ಞೂಂ, ಒಂದು ಹ್ಞೂಂಹ್ಞೂಂ, ಅಷ್ಟ. ಆ ಮನಷ್ಯಾನ ಇಂವ ಅಂದ್ರ ನಂಬಾಕ ಆಗಂಗಿಲ್ಲ."

ಅವನು ಹೋದ ಮೇಲೂ ನಾನು ನಿಂತೇ ಇದ್ದೆ. ನೌಕರಿ ಹೋದದ್ದು ಗೊತ್ತಿತ್ತು, ಹೋಟೆಲು ಗೊತ್ತಿತ್ತು, ಬಡತನವಿಲ್ಲ ಎಂಬುದೂ ಗೊತ್ತಿತ್ತು. ಇಷ್ಟೇ ಎಂದು ಒಳಗೊಳಗೆ ಸಮಾಧಾನ ಮಾಡಿಕೊಂಡಿದ್ದೆ. ಮಾತು ಹೋದದ್ದು ಗೊತ್ತಿರಲಿಲ್ಲ. ಮಾತಿನಾಗ ಮೈಮರ್ತೆ ಎಂದವನು ಮಾತನ್ನೇ ಬಿಟ್ಟಿದ್ದ. ಆ ದಿನ ಮನೆಗೆ ಬಂದು ಮಗಳಿಗೆ ಫೋನು ಮಾಡಿ, ಬರುವ ಐತವಾರ ಬರುತ್ತೇನೆ, ಊಟಕ್ಕೆ ಇಡು ಎಂದೆ. ಅವಳು ಖುಷಿಯಾದಳು. ಹೆಂಡತಿ ನನ್ನ ಮುಖ ನೋಡಿ, "ಬೆನ್ನು ಆರಾಮ ಆತೇನು ಒಮ್ಮೆಲೆ?" ಎಂದಳು.

ಐತವಾರ ಬೆಳಿಗ್ಗೆ ಅವಳು ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ ಕಟ್ಟಿಕೊಟ್ಟಳು. ಬೆಳಕು ಹರಿಯುವ ಹೊತ್ತಿಗೆ ಹೊರಟೆ. ಚಳಿ ಇತ್ತು, ಕೈ ಜೋಮು ಹಿಡಿದಿತ್ತು. ಹೇಳಬೇಕಾದ ಮಾತನ್ನು ದಾರಿಯುದ್ದಕ್ಕೂ ಜೋಡಿಸಲು ನೋಡಿದೆ, ಎರಡನೇ ವಾಕ್ಯ ಹೊಳೆಯಲಿಲ್ಲ. ಪೆಟ್ರೋಲ್ ಬಂಕು ಬಂತು. ನಿಲ್ಲಿಸಿದರೆ ತಿರುಗಿಬಿಡುತ್ತೇನೆಂದು ಗೊತ್ತಿತ್ತು. ನಿಲ್ಲಿಸಲಿಲ್ಲ.

ಹೋಟೆಲು ಮಸ್ಕಿಯ ಆ ತುದಿಗೆ, ಲಿಂಗಸುಗೂರು ರಸ್ತೆಯಲ್ಲಿ. ತಗಡಿನ ಸೂರು, ನಾಲ್ಕು ಬೆಂಚು, ಹೊರಗೆ ಕೈತೊಳೆಯುವ ಡ್ರಮ್ಮು. ಅವನು ಬೆಂಚುಗಳ ನಡುವೆ ತಟ್ಟೆ ಹಿಡಿದು ನಿಂತಿದ್ದ. ತಲೆ ಪೂರ್ತಿ ಬೆಳ್ಳಗಾಗಿತ್ತು. ಎರಡೂ ಕಾಲು ಅಗಲಿಸಿ, ಮೊಣಕಾಲು ತುಸು ಸಡಿಲ ಬಿಟ್ಟು ನಿಂತಿದ್ದ, ನೆಲ ಈಗಲೋ ಆಗಲೋ ಅಲುಗಾಡುತ್ತದೆ ಎನ್ನುವ ಹಾಗೆ. ಕಂಡಕ್ಟರುಗಳೆಲ್ಲ ಹಾಗೆಯೇ ನಿಲ್ಲುವುದು. ನನ್ನನ್ನು ನೋಡಿದ.

"ಬಾ ದೋಸ್ತ" ಎಂದ. ಬೆಂಚು ತೋರಿಸಿದ. ಅಷ್ಟೇ. ಹಿಂದೆ ನನ್ನನ್ನು ಕಂಡರೆ ಇಡೀ ಬಸ್‌ಸ್ಟ್ಯಾಂಡು ತಿರುಗಿ ನೋಡುವ ಹಾ‌ಗೆ ಕೂಗುತ್ತಿದ್ದವನು.

ಅವನ ಹೆಂಡತಿ ಒಳಗಿನಿಂದ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದಳು. "ಅಣ್ಣಾರ ಬಂದಾರಲ್ಲ. ಇಷ್ಟ ವರ್ಷಕ್ಕ ದಾರಿ ಸಿಕ್ತೇನ್ರೀ ಅಣ್ಣಾರ? ಸೈಕಲ್ ಮ್ಯಾಲ ಬಂದೀರಿ. ಶುಗರ್ ಬಂತೇನು?"

"ಹೌದು ತಂಗಿ" ಎಂದೆ.

ಒಗ್ಗರಣೆ ಬಂತು, ಮೇಲೆ ಎರಡು ಮಿರ್ಚಿ. ಅವನು ಎದುರಿಗೆ ಕೂತ, ನನ್ನ ಸೈಕಲ್ಲು ನೋಡಿದ, ಮನೆಯವರು ಆರಾಮೇ ಎಂದು ಕೇಳಿದ, ಸುಮ್ಮನಾದ. ಮಾತೆಲ್ಲ ಅವಳದೇ.

"ನಿಮ್ಮನ್ನ ನೆನಸದ ದಿನ ಇಲ್ರೀ. ಅಂವ ಎರಡ ಸಲ ಬ್ರೇಕ್ ಕೊಟ್ಟಿದ್ದ, ನನ್ನ ಧ್ಯಾಸ ಇದ್ದಿಲ್ಲ ಅಂತಾರ. ನಾನೂ ಇವರಿಗೆ ಅಂತೀನಿ ಬಿಡ್ರಿ, ನಿಮ್ಮ ಬಾಯಿನ ನಿಮ್ಮ ನೌಕರಿ ತಿಂತು ಅಂತ. ಗಿರಾಕಿ ಜೋಡಿ ನಾಕ ಮಾತಾಡಿದ್ರ ಸಾಕು, ಮತ್ತ ಸುರು ಆತೇನು, ಹೋಟೆಲೂ ತಿನ್ನಬೇಕೇನು ಅಂತೀನಿ. ಅಂದ ಅಂದ ಈಗ ನೋಡ್ರಿ, ಎಷ್ಟ ಶಾಣ್ಯಾ ಆಗ್ಯಾರ." ನಗುತ್ತಲೇ ಹೇಳಿದಳು. ಅವನೂ ನಕ್ಕ, ಬಾಯಿ ತೆರೆಯದೆ. ಅವಳು ಮಿರ್ಚಿ ಕರಿಯಲು ಒಳಗೆ ಹೋದಳು.

ತಿಂದು ಎದ್ದು ಹೋಗಿಬಿಡಬಹುದಿತ್ತು. ನಿಜವಾಗಿ ಹಾಗೇ ಮಾಡುವವನಿದ್ದೆ. ಮಗಳ ಫೋನು ಬಂತು, ಎಲ್ಲಿದ್ದೀ ಎಂದಳು. ಮಸ್ಕಿ ದಾಟುತ್ತಿದ್ದೇನೆ ಎಂದೆ. ಕೈ ತೊಳೆಯಲು ಡ್ರಮ್ಮಿನ ಹತ್ತಿರ ಹೋದೆ. ಅವನು ಜೊತೆಗೆ ಬಂದು ಚೊಂಬಿನಿಂದ ನನ್ನ ಕೈಗೆ ನೀರು ಹಾಕಿದ. ಆ ನೀರು ಹಾಕುವ ಕೈ ನೋಡುತ್ತಿದ್ದಾಗ ಹೇಳಿದೆ.

"ಅವತ್ತ ನಾ ಬ್ರೇಕ್ ಕೊಟ್ಟಿದ್ದಿಲ್ಲ."

ಯಾವತ್ತು ಎಂದು ಅವನು ಕೇಳಲಿಲ್ಲ. ಚೊಂಬು ಹಾಗೇ ಹಿಡಿದುಕೊಂಡ.

"ಜೀಪ್ ನೋಡಿದ್ದೆ. ಮಂದಿ ಮುಂದ ನಗಚಾಟಿಗಿ ಮಾಡಿದಿ ಅಂತ ಸಿಟ್ಟಿತ್ತು. ಬೇಕಂತ ಕೊಡಲಿಲ್ಲ. ಆಮ್ಯಾಲ ಕೊಟ್ಟೆ ಅಂತ ಸುಳ್ಳು ಹೇಳಿದೆ."

"ಎರಡ ಸಲ ಅಂದಿದ್ದಿ."

"ಒಂದ ಸಲಾನೂ ಇಲ್ಲ."

ಹೊಡೆಯಲಿ ಎಂದು ನಿಂತಿದ್ದೆ. ಬೈದರೆ ಬೈಸಿಕೊಳ್ಳುವುದು, ಉಗುಳಿದರೆ ಒರೆಸಿಕೊಳ್ಳುವುದು ಎಂದಿದ್ದೆ. ಅವನು ಚೊಂಬನ್ನು ಡ್ರಮ್ಮಿನ ಮೇಲೆ ಮೆಲ್ಲಗೆ ಇಟ್ಟ. ನನ್ನ ಮುಖಕ್ಕೆ ಬಹಳ ಹತ್ತಿರ ಬಂದ.

"ಹಂಗಾದ್ರ ನಂದೇನೂ ತಪ್ಪಿದ್ದಿಲ್ಲೇನು?"

"ಇದ್ದಿಲ್ಲ."

"ಬ್ರೇಕ್ ಬಿದ್ದು ನನಗ ತಿಳೀದಂಗ ಆಗಿದ್ದಿಲ್ಲ?"

"ಬ್ರೇಕ ಬಿದ್ದಿಲ್ಲ. ನಿನಗ ಹೆಂಗ ತಿಳೀತಿತ್ತು."

ಅವನು ನನ್ನ ಒದ್ದೆ ಕೈಯನ್ನೇ ಗಟ್ಟಿಯಾಗಿ ಹಿಡಿದುಕೊಂಡ. "ಒಳಗ ಬಾ" ಎಂದ. "ಇದನ್ನ ಆಕಿ ಮುಂದ ಹೇಳು. ನಾ ಹೇಳಿದ್ರ ನಂಬಂಗಿಲ್ಲ ಆಕಿ. ನೀ ಹೇಳು."

ಒಳಗೆ ಅವಳು ಬಾಣಲೆಯ ಮುಂದೆ ಕೂತು ಮಿರ್ಚಿ ಬಿಡುತ್ತಿದ್ದಳು. ನಾನು ಹೇಳಿದೆ. ಎರಡನೇ ಸಲ ಹೇಳುವುದು ಸುಲಭವಾದೀತೆಂದುಕೊಂಡಿದ್ದೆ, ಆಗಲಿಲ್ಲ. ಅವನು ನನ್ನ ತೋಳು ಹಿಡಿದೇ ನಿಂತಿದ್ದ, ನಾನು ಒಂದು ಮಾತು ಬಿಟ್ಟರೆ, "ಅದನ್ನೂ ಹೇಳು, ಎರಡ ಸಲ ಅಂದದ್ದು ಹೇಳು" ಎನ್ನುತ್ತಿದ್ದ. ಅವಳು ಎಣ್ಣೆಯಿಂದ ಝಾರಿ ಎತ್ತಿ ಹಿಡಿದವಳು ಹಾಗೇ ಇದ್ದಳು. ಎಣ್ಣೆಯಲ್ಲಿ ಮಿರ್ಚಿಗಳು ಕಂದಿ, ಕಪ್ಪಾಗಿ, ಘಾಟು ಎದ್ದಿತು. ಯಾರೂ ತೆಗೆಯಲಿಲ್ಲ.

ಅವಳು ನನ್ನನ್ನು ನೋಡಲಿಲ್ಲ. ಗಂಡನನ್ನು ನೋಡಿದಳು.

"ನಾ ದಿನಾ ಅಂದೆ ರೀ" ಎಂದಳು. "ಒಂದ ದಿನಾನೂ ಬಿಡಲಿಲ್ಲ. ಹಬ್ಬದ ದಿನಾನೂ ಅಂದೆ ನಿಮಗ."

"ಇರ್ಲಿ ಬಿಡು. ನಿನಗೇನ ಗೊತ್ತಿತ್ತು" ಎಂದು ಅವನು ನನ್ನ ತೋಳು ಬಿಟ್ಟು, ಬಗ್ಗಿ ಒಲೆ ಆರಿಸಿದ.

ಆಗ ನನಗೆ ಸಂಕಟವಾಯಿತು. ಎದೆಯ ನಡುವೆ, ಕೈಯಿಟ್ಟು ತೋರಿಸಬಹುದಾದಷ್ಟು ಜಾಗದಲ್ಲಿ, ಉಸಿರು ತೆಗೆಯಲಾರದಷ್ಟು ಸಂಕಟವಾಯಿತು. ಅವನ ನೌಕರಿ ಕಳೆದೆ ಎಂದಷ್ಟೇ ಒಂಬತ್ತು ವರ್ಷ ತಿಳಿದಿದ್ದೆ. ಈ ಮನೆಯೊಳಗೆ ದಿನಾ ಏನು ನಡೆದಿದೆ ಎಂದು ಒಂದು ದಿನವೂ ಯೋಚಿಸಿರಲಿಲ್ಲ. ತಂಗಿ, ತಪ್ಪಾಯಿತು ಎನ್ನಲು ಹೋದೆ. ಅವಳು ಕೈ ಅಡ್ಡ ಮಾಡಿದಳು.

"ಅಣ್ಣಾರ, ನೀವು ಒಂದ ಸಲ ಸುಳ್ಳು ಹೇಳಿ ಹೋಗಿಬಿಟ್ರಿ. ಅದನ್ನ ದಿನಾ ಹೇಳೂ ಕೆಲಸ ನಾ ಮಾಡೀನಿ."

ಝಾರಿ ಕೆಳಗಿಟ್ಟು ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಹೊರಗೆ ಯಾರೋ ಚಾ ಕೇಳಿದರು, ಮತ್ತೆ ಕೇಳಿದರು. ಅವನು ಹೋಗಲಿಲ್ಲ. ಅವಳ ಪಕ್ಕದಲ್ಲಿ ನೆಲದ ಮೇಲೆ ಕೂತು, ಅವಳ ಬೆನ್ನಿನ ಮೇಲೆ ಕೈ ಇಟ್ಟು, ಮೆಲ್ಲಗೆ ಏನೋ ಮಾತಾಡತೊಡಗಿದ. ನನಗೆ ಕೇಳಿಸಲಿಲ್ಲ, ನನಗೆಂದು ಆಡಿದ್ದೂ ಅಲ್ಲ.